ನಕ್ಷತ್ರಕ್ಕೆ ಬರ್ತ್ ಸರ್ಟಿಫಿಕೇಟ್ ಇಲ್ಲ, ಹಾಗಾದ್ರೆ ವಯಸ್ಸು ಗೊತ್ತಾಗೋದು ಹೇಗೆ?

ಒಂಟಿ ನಕ್ಷತ್ರ ನೋಡಿ ಅದರ ವಯಸ್ಸು ಹೇಳೋದು ಬಲು ಕಷ್ಟ. ಸೂರ್ಯನಂಥ ನಕ್ಷತ್ರ ಸುಮಾರು 1000 ಕೋಟಿ ವರ್ಷ ಹೆಚ್ಚೂಕಡಿಮೆ ಒಂದೇ ಥರ ಉರಿಯುತ್ತೆ. ಆದರೆ ನಕ್ಷತ್ರಗಳು ಗುಂಪಾಗಿದ್ದರೆ ಲೆಕ್ಕ ಸಿಗುತ್ತೆ.

ಈ ಲೆಕ್ಕಕ್ಕೆ ಒಳ್ಳೆ ಜಾಗ ಅಂದ್ರೆ ನಮ್ಮ ನೆರೆಯ ಗ್ಯಾಲಕ್ಸಿ ‘ದೊಡ್ಡ ಮೆಗೆಲ್ಲಾನಿಕ್ ಮೋಡ’. ಹೆಸರಿಗೆ ಮೋಡ, ಕಾಣೋದು ಬಹುಪಾಲು ನಕ್ಷತ್ರಗಳೇ. ದೂರ ಸುಮಾರು 1.6 ಲಕ್ಷ ಜ್ಯೋತಿರ್ವರ್ಷ. ನಮ್ಮ ರಾಜ್ಯದಿಂದ ನೋಡಿದರೆ ದಕ್ಷಿಣ ದಿಗಂತಕ್ಕೆ ಅಂಟಿಕೊಂಡಂತಿರುವುದರಿಂದ ಕಾಣೋದೇ ಕಷ್ಟ. ಚಿಲಿ ದೇಶದ ದೂರದರ್ಶಕಗಳಿಗಾದ್ರೆ ಚೆನ್ನಾಗಿ ಸಿಗುತ್ತೆ.

ಒಂದು ಗುಂಪಿನ ನಕ್ಷತ್ರಗಳೆಲ್ಲ ಒಂದೇ ಅನಿಲದ ಮೋಡದಿಂದ ಹೆಚ್ಚೂಕಡಿಮೆ ಒಟ್ಟಿಗೇ ಹುಟ್ಟಿದವು. ಆದರೆ ಒಟ್ಟಿಗೆ ಸಾಯಲ್ಲ. ಲಾರಿ ಟ್ಯಾಂಕ್ ದೊಡ್ಡದು, ಮೈಲೇಜ್ ಕಮ್ಮಿ ಅಲ್ವಾ? ಹಾಗೇ ಭಾರೀ ನಕ್ಷತ್ರಕ್ಕೆ ಇಂಧನ ಜಾಸ್ತಿ ಇದ್ದರೂ ಬೇಗ ಉರಿದು ಮುಗಿಯುತ್ತೆ. ಸೂರ್ಯನ ಹತ್ತು ಪಟ್ಟು ತೂಕದ್ದು ಕೆಲವೇ ಕೋಟಿ ವರ್ಷ ಬಾಳುತ್ತೆ, ಅಷ್ಟೇ.

ವಿಜ್ಞಾನಿಗಳು ಗುಂಪಿನ ಪ್ರತಿ ನಕ್ಷತ್ರದ ಬಣ್ಣ, ಹೊಳಪು ಅಳೆದು ಗ್ರಾಫ್‌ನಲ್ಲಿ ಚುಕ್ಕಿ ಇಡುತ್ತಾರೆ. ಚುಕ್ಕಿಗಳು ಓರೆಯಾದ ಪಟ್ಟಿಯಂತೆ ಸಾಲಾಗುತ್ತವೆ. ಮೇಲ್ತುದಿಯಲ್ಲಿ ಭಾರೀ ನೀಲಿ ನಕ್ಷತ್ರಗಳು, ಕೆಳಗೆ ಹಗುರವಾದ ಕೆಂಪು ನಕ್ಷತ್ರಗಳು. ವಯಸ್ಸಾದಂತೆ ಈ ಪಟ್ಟಿ ಮೇಲಿನಿಂದ ಖಾಲಿಯಾಗುತ್ತಾ ಬರುತ್ತೆ. ಎಲ್ಲಿವರೆಗೆ ಖಾಲಿಯಾಗಿದೆ ಅನ್ನೋದೇ ಗುಂಪಿನ ವಯಸ್ಸು. ಗುಂಪು ಎಷ್ಟು ದೂರದಲ್ಲಿದೆ ಅನ್ನೋದು ಗೊತ್ತಿಲ್ಲದಿದ್ದರೆ ನಿಜವಾದ ಹೊಳಪು ಸಿಗಲ್ಲ. ಇಲ್ಲಿ ಎಲ್ಲ ಗುಂಪುಗಳೂ ಬಹುತೇಕ ಒಂದೇ ದೂರದಲ್ಲಿರೋದರಿಂದ ಆ ತಲೆನೋವು ಕಮ್ಮಿ.

ಬೇರೆ ತಲೆನೋವುಗಳಿವೆ. ಧೂಳು ಅಡ್ಡ ಬಂದರೆ ನಕ್ಷತ್ರ ಇರೋದಕ್ಕಿಂತ ಕೆಂಪಾಗಿ, ಮಂಕಾಗಿ ಕಾಣುತ್ತೆ. ಗುಂಪಿಗೆ ಸೇರದ ನಕ್ಷತ್ರಗಳೂ ಅದೇ ದಿಕ್ಕಿನಲ್ಲಿ ಕಾಣಿಸಿಕೊಂಡು ಬೆರಕೆಯಾಗುತ್ತವೆ. ಸಣ್ಣ ಗುಂಪಾದರೆ ಇಂಥ ಒಂದೆರಡು ಪ್ರಖರ ಚುಕ್ಕಿಗಳೇ ಲೆಕ್ಕ ತಪ್ಪಿಸಲು ಸಾಕು. ಹಾಗಾಗಿ ಅಕ್ಕಪಕ್ಕದ ಖಾಲಿ ಜಾಗವನ್ನೂ ಅಳೆದು, ಅಷ್ಟು ಚುಕ್ಕಿಗಳನ್ನು ಕಳೆಯುತ್ತಾರೆ.

ಇದರಲ್ಲಿ ನಮ್ಮವರ ಪಾಲೂ ಇದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ತಂಡ ಚಿಲಿಯಲ್ಲಿ ಸಂಗ್ರಹಿಸಿದ ಅಳತೆಗಳನ್ನು ಬಳಸಿ, ಇದೇ ಗ್ಯಾಲಕ್ಸಿಯ 1072 ಗುಂಪುಗಳ ಪಟ್ಟಿಯನ್ನು 2016ರಲ್ಲಿ ಪ್ರಕಟಿಸಿತು. ಒಂದೊಂದನ್ನೇ ಕಣ್ಣಲ್ಲಿ ನೋಡಿ ಹೇಳುವ ಬದಲು ಕಂಪ್ಯೂಟರ್ ನೆರವಿನ ವಿಧಾನ ರೂಪಿಸಿದ್ದು ಇವರ ಹೆಚ್ಚುಗಾರಿಕೆ.

ಇಷ್ಟೆಲ್ಲ ಲೆಕ್ಕ ಯಾಕೆ ಬೇಕು? ವಯಸ್ಸುಗಳನ್ನು ಸಾಲಾಗಿ ಜೋಡಿಸಿದರೆ ಗ್ಯಾಲಕ್ಸಿಯ ಚರಿತ್ರೆಯೇ ಸಿಗುತ್ತೆ. ಇಲ್ಲಿ ಹತ್ತಿಪ್ಪತ್ತು ಲಕ್ಷ ವರ್ಷದ ಎಳೆಯ ಗುಂಪೂ ಇದೆ, 1200 ಕೋಟಿ ವರ್ಷ ದಾಟಿದ ಸುಮಾರು ಹದಿನೈದು ಮುದಿ ಗುಂಪುಗಳೂ ಇವೆ. ಆದರೆ ಆ ಮುದಿ ಗುಂಪುಗಳಾದ ಮೇಲೆ, 300 ಕೋಟಿ ವರ್ಷದ ಹಿಂದಿನವರೆಗೆ ಹೆಚ್ಚೂಕಡಿಮೆ ಖಾಲಿ! ಈ ನಡುವಿನ ವಯಸ್ಸಿನದ್ದು ಅಂತ ಬಹುಕಾಲ ಗೊತ್ತಿದ್ದದ್ದು ‘ಇಎಸ್‌ಒ 121’ ಒಂದೇ. ವಿಚಿತ್ರ ಅಂದ್ರೆ, ಗುಂಪಿಗೆ ಸೇರದ ಒಂಟಿ ನಕ್ಷತ್ರಗಳು ಆ ಕಾಲದಲ್ಲೂ ಹುಟ್ಟಿವೆ. ಗುಂಪುಗಳು ಹುಟ್ಟಲೇ ಇಲ್ಲವೋ, ಹುಟ್ಟಿ ಚದುರಿ ಹೋದವೋ ಅನ್ನೋ ಚರ್ಚೆ ಇನ್ನೂ ನಡೀತಾನೇ ಇದೆ.