‘ಇಮೆನ್ಸ್’ ಶಬ್ದದ ಯೋಗಾರ್ಥವೂ ರೂಢ್ಯರ್ಥವೂ

ಇಂಗ್ಲಿಷಿನ ಪರಿಮಾಣವಾಚಕ ವಿಶೇಷಣಗಳಲ್ಲಿ ‘ಇಮೆನ್ಸ್’ ಎಂಬುದೊಂದು. ಇದಕ್ಕೆ ಕನ್ನಡದಲ್ಲಿ ಕೆಲವೊಮ್ಮೆ ‘ಬೃಹತ್’ ಎಂದೂ ಕೆಲವೊಮ್ಮೆ ‘ಅಪರಿಮಿತ’ ಎಂದೂ ಬರೆಯುವುದುಂಟು. ಇವೆರಡೂ ಸಮಾನಾರ್ಥಕಗಳಲ್ಲ. ಆದುದರಿಂದ ಯಾವುದು ಎಲ್ಲಿ ಸಲ್ಲುವುದೆಂಬುದು ವಿಚಾರಣೀಯವಾಗಿದೆ.

ಲ್ಯಾಟಿನ್ ಭಾಷೆಯ ‘ಇಮ್ಮೆನ್ಸುಸ್’ ಎಂಬ ಪದವು ಫ್ರೆಂಚಿನ ಮೂಲಕ ೧೫ನೆಯ ಶತಮಾನದಲ್ಲಿ ಇಂಗ್ಲಿಷನ್ನು ಸೇರಿತು. ಅದರಲ್ಲಿ ‘ಇನ್’ ಎಂಬುದು ನಿಷೇಧಾರ್ಥಕ. ಮುಂದಣ ಮಕಾರದ ಸಂಬಂಧದಿಂದ ಅದರ ನಕಾರವು ಮಕಾರವಾಗಿದೆ. ‘ಮೆನ್ಸುಸ್’ ಎಂಬುದು ಅಳೆಯುವ ಅರ್ಥದ ಧಾತುವಿನಿಂದಾದ ಭೂತಕೃದಂತ. ಸಂಸ್ಕೃತದಲ್ಲಿ ‘ಮಾ’ ಧಾತುವಿಗೆ ಕ್ತಪ್ರತ್ಯಯವು ಪರವಾದಾಗ ಆಕಾರಕ್ಕೆ ಇಕಾರ ಬಂದು ‘ಮಿತ’ ಎಂದಾಗುವುದಷ್ಟೆ. ಅದರೊಡನೆ ನಞ್ ಸೇರಿದರೆ ‘ಅಮಿತ’. ಹೀಗೆ ‘ಇಮ್ಮೆನ್ಸುಸ್’, ‘ಅಮಿತ’ ಎಂಬಿವು ಅರ್ಥದಿಂದ ಮಾತ್ರವಲ್ಲದೆ ಉಪಸರ್ಗದಿಂದಲೂ ಧಾತುವಿನಿಂದಲೂ ಸಹೋದರಗಳು. ಇಷ್ಟರಿಂದಲೇ ಲ್ಯಾಟಿನ್ ಸಂಸ್ಕೃತದಿಂದ ಹುಟ್ಟಿತೆಂದು ಹಿಗ್ಗುವವರುಂಟು, ಅದು ಸಾಧುವಲ್ಲ. ಇವೆರಡೂ ಬಹುಶಃ ಈಗ ಉಳಿದಿಲ್ಲದ ಒಂದು ಮೂಲಭಾಷೆಯಿಂದ ಬಂದವೆಂಬ ಅಭಿಪ್ರಾಯವನ್ನು ವಿಲಿಯಂ ಜೋನ್ಸನು ೧೭೮೬ರಲ್ಲಿಯೇ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಹೇಳಿದ್ದನು.

ಅಥನೇಸಿಯನ್ ಎಂಬ ಹೆಸರಿನ ಕ್ರೈಸ್ತ ವಿಶ್ವಾಸಸೂತ್ರದ ಲ್ಯಾಟಿನ್ ಪಾಠದಲ್ಲಿ ಈ ಪದವು ದೇವರಿಗೆ ವಿಶೇಷಣವಾಗಿದೆ. ಅಲ್ಲಿ ಗಾತ್ರದ ಮಾತೇ ಇಲ್ಲ. ಅಳತೆಗೆ ಒಳಪಡದವನೆಂದೇ ತಾತ್ಪರ್ಯ. ೧೫೪೯ರ ಇಂಗ್ಲಿಷ್ ಪ್ರಾರ್ಥನಾಗ್ರಂಥದಲ್ಲಿ ಈ ಪದದ ಸ್ಥಾನದಲ್ಲಿ, ಗ್ರಹಿಕೆಗೆ ಸಿಲುಕದವನೆಂದು ಹೇಳುವ ಬೇರೊಂದು ಪದವು ನಿಂತಿದೆ. ವಿಷ್ಣುಸಹಸ್ರನಾಮದ ‘ಅಪ್ರಮೇಯ’ ಎಂಬ ನಾಮವನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು. ಅದೇ ‘ಮಾ’ ಧಾತುವಿನಿಂದಾದ ಆ ನಾಮಕ್ಕೂ ಪ್ರತ್ಯಕ್ಷಾದಿ ಪ್ರಮಾಣಗಳಿಗೆ ಗೋಚರನಲ್ಲದವನೆಂದೇ ವ್ಯಾಖ್ಯಾನ. ಅಳೆಯುವುದು ಅರಿಯುವುದಾಗಿ ಪರಿಣಮಿಸಿದುದು ಎರಡೆಡೆಗಳಲ್ಲಿಯೂ ಕಾಣುತ್ತದೆ.

ಇದು ಯೋಗಾರ್ಥ. ರೂಢಿಯಾದರೋ ಬೇರೆಯಾಯಿತು. ಇಂದಿನ ಇಂಗ್ಲಿಷಿನಲ್ಲಿ ಈ ಪದಕ್ಕೆ ಬಹಳ ದೊಡ್ಡದೆಂಬುದಕ್ಕಿಂತ ಹೆಚ್ಚಿನ ಅರ್ಥವು ಸಾಮಾನ್ಯವಾಗಿ ಇಲ್ಲ. ಅಳತೆ ಗೊತ್ತಿರುವ ವಸ್ತುಗಳಿಗೂ ಅದನ್ನು ಹಚ್ಚುತ್ತಾರೆ. ಯೋಗಕ್ಕಿಂತ ರೂಢಿಯು ಬಲವತ್ತರವೆಂಬ ನ್ಯಾಯವನ್ನು ಮರೆತು, ವ್ಯುತ್ಪತ್ತಿಯೊಂದನ್ನೇ ಹಿಡಿದು ‘ಅಪರಿಮಿತವಾದ ಕಟ್ಟಡ’ ಎಂದು ಬರೆದರೆ, ಶಿಲ್ಪಿಯ ನಕ್ಷೆಯಲ್ಲಿಯೇ ಅದರ ಉದ್ದಗಲಗಳಿರುವುದರಿಂದ ವದತೋವ್ಯಾಘಾತವಾದೀತು. ಅಲ್ಲಿ ‘ಬಲು ದೊಡ್ಡ’ ಎಂದರೆ ಸಾಕು. ಐಶ್ವರ್ಯ, ಉಪಕಾರ ಮುಂತಾದವಕ್ಕೆ ದಡವಿಲ್ಲದ್ದೆಂಬ ‘ಅಪಾರ’ವೂ, ಪಾಂಡಿತ್ಯಕ್ಕೆ ತಳಮುಟ್ಟದ್ದೆಂಬ ‘ಅಗಾಧ’ವೂ ಕನ್ನಡದ ಕಿವಿಗೆ ಹಿತವಾಗಿವೆ. ಹಳೆಯ ದೈವಶಾಸ್ತ್ರದ ಗ್ರಂಥಗಳನ್ನು ಭಾಷಾಂತರಿಸುವಲ್ಲಿ ಮಾತ್ರ ಇವೊಂದೂ ಸಾಲವು. ಅಲ್ಲಿ ‘ಅಪ್ರಮೇಯ’ವೇ ಬೇಕು.