ಮಿನ್ಯೊ ನದಿಯ ಎರಡು ದಡ: ನೆರೆರಾಷ್ಟ್ರಗಳ ನಿರುದ್ಯೋಗದ ಲೆಕ್ಕ

ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ನಡುವೆ ಉತ್ತರದಲ್ಲಿ ಮಿನ್ಯೊ ನದಿಯೇ ಗಡಿ. ಒಂದು ದಡದಲ್ಲಿ ಸ್ಪೇನಿನ ತುಯಿ, ಎದುರು ದಡದಲ್ಲಿ ಪೋರ್ಚುಗಲಿನ ವಲೆನ್ಸಾ; ಎರಡನ್ನೂ ಜೋಡಿಸುವುದು ಹತ್ತೊಂಬತ್ತನೆಯ ಶತಮಾನದ ಒಂದು ಕಬ್ಬಿಣದ ಸೇತುವೆ. ಗಡಿ ತಪಾಸಣೆ 1995ರ ಮಾರ್ಚ್‌ನಲ್ಲಿಯೇ ರದ್ದಾಯಿತು. 2002ರಿಂದ ಎರಡೂ ಊರುಗಳ ಅಂಗಡಿಗಳಲ್ಲಿ ಯೂರೋ ನಾಣ್ಯವೇ ಚಲಾವಣೆಯಲ್ಲಿದೆ. ತುಯಿಯ ಜನರಾಡುವ ಗಲಿಷಿಯನ್ ಭಾಷೆ ಪೋರ್ಚುಗೀಸಿನ ಒಡಹುಟ್ಟು. ಸೇತುವೆ ದಾಟಿ ವಲೆನ್ಸಾಕ್ಕೆ ಬಂದವರು ಕೈಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸಿಕೊಂಡರೆ ಸಾಕು.

ಆದರೆ ಗಡಿಯಾರದೊಂದಿಗೆ ಬದಲಾಗುವ ಇನ್ನೊಂದು ಸಂಖ್ಯೆಯೂ ಇದೆ. 2023ರಲ್ಲಿ ಸ್ಪೇನಿನ ನಿರುದ್ಯೋಗ ದರ ಶೇ. 12ರಷ್ಟಿತ್ತು, ಐರೋಪ್ಯ ಒಕ್ಕೂಟದ 27 ರಾಷ್ಟ್ರಗಳಲ್ಲಿ ಅದೇ ಅತಿ ಹೆಚ್ಚು. ಪೋರ್ಚುಗಲಿನ ದರ ಶೇ. 6.5, ಒಕ್ಕೂಟದ ಸರಾಸರಿಗೆ ಸಮೀಪವಾದದ್ದು. ಈ ಎರಡು ದೇಶಗಳು 1986ರ ಜನವರಿ 1ರಂದು ಒಟ್ಟಿಗೇ ಐರೋಪ್ಯ ಸಮುದಾಯವನ್ನು ಸೇರಿದವು. ಎರಡೂ 1970ರ ದಶಕದ ನಡುವಿನಲ್ಲಿ ಸರ್ವಾಧಿಕಾರದಿಂದ ಬಿಡುಗಡೆ ಹೊಂದಿದವು. ಹಾಗಿದ್ದೂ ಒಂದರ ದರ ಇನ್ನೊಂದರ ಇಮ್ಮಡಿಯಾಗಿರುವುದೇಕೆ?

ಉತ್ತರ ಹುಡುಕುವ ಮುನ್ನ ಲೆಕ್ಕದ ರೀತಿಯನ್ನು ತಿಳಿಯುವುದು ಒಳ್ಳೆಯದು. ಲಕ್ಸಂಬರ್ಗಿನಲ್ಲಿರುವ ಒಕ್ಕೂಟದ ಅಂಕಿಅಂಶ ಸಂಸ್ಥೆ ಯೂರೋಸ್ಟಾಟ್, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವ್ಯಾಖ್ಯೆಯನ್ನು ಎಲ್ಲ ಸದಸ್ಯ ರಾಷ್ಟ್ರಗಳಿಗೂ ಅನ್ವಯಿಸುತ್ತದೆ. ಸಮೀಕ್ಷೆಯ ವಾರದಲ್ಲಿ ಕೂಲಿಗಾಗಿ ಒಂದು ತಾಸು ದುಡಿದಿದ್ದರೂ ಆತ ಉದ್ಯೋಗಿ. ಕೆಲಸವಿಲ್ಲದೆ, ಹಿಂದಿನ ನಾಲ್ಕು ವಾರಗಳಲ್ಲಿ ಕೆಲಸಕ್ಕಾಗಿ ಪ್ರಯತ್ನಿಸಿ, ಎರಡು ವಾರದೊಳಗೆ ಕೆಲಸಕ್ಕೆ ಸೇರಲು ಸಿದ್ಧನಿದ್ದರೆ ಮಾತ್ರ ನಿರುದ್ಯೋಗಿ. ಹುಡುಕಿ ಹುಡುಕಿ ಸೋತು ಮನೆಯಲ್ಲಿ ಕುಳಿತವನು ಈ ಎರಡು ಪಟ್ಟಿಗಳಲ್ಲಿಯೂ ಇಲ್ಲ.

ದರವನ್ನು ಇಡೀ ಜನಸಂಖ್ಯೆಯ ಮೇಲೆ ಕಟ್ಟುವುದಿಲ್ಲ. ದುಡಿಯುತ್ತಿರುವವರು ಮತ್ತು ದುಡಿಮೆ ಹುಡುಕುತ್ತಿರುವವರು ಸೇರಿದ ಮೊತ್ತದ ಮೇಲೆ ಕಟ್ಟಲಾಗುತ್ತದೆ. 2013ರಲ್ಲಿ ಸ್ಪೇನಿನ ಯುವಜನರ ನಿರುದ್ಯೋಗ ಶೇ. 55 ಎಂಬ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಇಬ್ಬರು ತರುಣರಲ್ಲಿ ಒಬ್ಬ ಬೀದಿಯಲ್ಲಿದ್ದಾನೆ ಎಂದು ಓದುಗರು ಗ್ರಹಿಸಿದರು. 25ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಬಹುಪಾಲು ವಿದ್ಯಾರ್ಥಿಗಳಾಗಿದ್ದು, ಅವರು ಆ ಲೆಕ್ಕದ ಹೊರಗಿದ್ದರು. ಇಡೀ ವಯೋವರ್ಗವನ್ನು ಪರಿಗಣಿಸಿದರೆ ನಿರುದ್ಯೋಗಿಗಳು ಐವರಲ್ಲಿ ಒಬ್ಬರಷ್ಟು. ಅದೂ ಘೋರವೇ, ಆದರೆ ಅದು ಬೇರೆ ಮಾತು.

ವ್ಯಾಖ್ಯೆ ಎರಡೂ ದಡಗಳಿಗೆ ಒಂದೇ ಆದುದರಿಂದ ವ್ಯತ್ಯಾಸಕ್ಕೆ ಕಾರಣವನ್ನು ಬೇರೆಡೆ ಹುಡುಕಬೇಕು. ‘ದಕ್ಷಿಣದವರು ಸೋಮಾರಿಗಳು’ ಎಂಬ ಮಾತು ಉತ್ತರ ಯೂರೋಪಿನಲ್ಲಿ ಹಳೆಯದು. ಅದು ಈ ಜೋಡಿಯ ಮುಂದೆ ನಿಲ್ಲುವುದಿಲ್ಲ, ಏಕೆಂದರೆ ಇಬ್ಬರೂ ದಕ್ಷಿಣದವರೇ. ಚರಿತ್ರೆಯೂ ಅದನ್ನು ಒಪ್ಪುವುದಿಲ್ಲ. 1994ರ ಆರಂಭದಲ್ಲಿ ಸ್ಪೇನಿನ ದರ ಶೇ. 24ನ್ನು ದಾಟಿತ್ತು, ಪೋರ್ಚುಗಲಿನದು ಶೇ. 7ರ ಸುತ್ತ. 2007ರ ವೇಳೆಗೆ ಎರಡೂ ಶೇ. 8ರ ಆಸುಪಾಸಿನಲ್ಲಿ ಸಮಸಮವಾದವು. 2013ರಲ್ಲಿ ಸ್ಪೇನ್ ಶೇ. 26ಕ್ಕೇರಿತು, ಪೋರ್ಚುಗಲ್ ಶೇ. 17ರ ಸಮೀಪಕ್ಕೆ ಬಂತು. ಇಪ್ಪತ್ತು ವರ್ಷಗಳಲ್ಲಿ ಒಂದು ಜನಾಂಗದ ಸ್ವಭಾವ ಮೂರು ಬಾರಿ ಬದಲಾಗುವುದು ಸಾಧ್ಯವಿಲ್ಲ.

ಬದಲಾಗುತ್ತಿದ್ದುದು ಕಟ್ಟಡ ಕೆಲಸ ಮತ್ತು ಕಾನೂನು. 2007ರಲ್ಲಿ ಸ್ಪೇನಿನ ಎಂಟು ದುಡಿಮೆಗಾರರಲ್ಲಿ ಒಬ್ಬ ಕಟ್ಟಡ ನಿರ್ಮಾಣದಲ್ಲಿದ್ದ. ಬ್ಯಾಂಕುಗಳ ಸಾಲ ನಿಂತ ದಿನ ಆ ಕೆಲಸವೂ ನಿಂತಿತು. ಕೆಲಸ ಅಷ್ಟು ಬೇಗ ಕಳೆದುಹೋಗಲು ದಾರಿ ಮಾಡಿಕೊಟ್ಟದ್ದು 1984ರ ಒಂದು ತಿದ್ದುಪಡಿ. ಕಾಯಂ ನೌಕರನನ್ನು ಅನ್ಯಾಯವಾಗಿ ತೆಗೆದರೆ ಸೇವೆಯ ಪ್ರತಿ ವರ್ಷಕ್ಕೆ 45 ದಿನಗಳ ವೇತನವನ್ನು ಪರಿಹಾರವಾಗಿ ಕೊಡಬೇಕಿತ್ತು. 2012ರಲ್ಲಿ ಅದನ್ನು 33ಕ್ಕೆ ಇಳಿಸಲಾಯಿತು. ಈ ರಕ್ಷಣೆಯನ್ನು ಮುಟ್ಟದೆ, ಅದರ ಪಕ್ಕದಲ್ಲಿಯೇ ತಾತ್ಕಾಲಿಕ ಕರಾರುಗಳಿಗೆ ಬಾಗಿಲು ತೆರೆದದ್ದು 1984ರ ಆ ತಿದ್ದುಪಡಿ. ಎರಡು ದಶಕಗಳೊಳಗೆ ಸ್ಪೇನಿನ ನೌಕರರಲ್ಲಿ ಮೂರರಲ್ಲೊಂದು ಪಾಲು ತಾತ್ಕಾಲಿಕರಾದರು. ಕಷ್ಟಕಾಲ ಬಂದಾಗ ಮಾಲೀಕರು ಇವರ ಕರಾರನ್ನು ನವೀಕರಿಸಲಿಲ್ಲ. ಹೊರಬಿದ್ದವರಲ್ಲಿ ತರುಣರು, ಹೆಂಗಸರು ಮತ್ತು ವಲಸಿಗರೇ ಹೆಚ್ಚು.

ಪೋರ್ಚುಗಲಿನಲ್ಲಿಯೂ ತಾತ್ಕಾಲಿಕ ನೌಕರರಿದ್ದರು, ಆದರೆ ಸ್ಪೇನಿನಷ್ಟಿರಲಿಲ್ಲ. ಅಲ್ಲಿ ವೇತನಗಳು ಕೆಳಮಟ್ಟದಲ್ಲಿದ್ದವು. ಆಘಾತದ ಒಂದಂಶವನ್ನು ನೌಕರಿಯ ಬದಲು ಸಂಬಳ ಹೊತ್ತಿತು. ಇನ್ನೊಂದಂಶವನ್ನು ಹೊತ್ತದ್ದು ವಲಸೆ. ಬಿಕ್ಕಟ್ಟಿನ ವರ್ಷಗಳಲ್ಲಿ ಸುಮಾರು ಒಂದು ಕೋಟಿ ಜನರ ಆ ದೇಶದಿಂದ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಬ್ರಿಟನ್, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಅಂಗೋಲಗಳಿಗೆ ಹೊರಟುಹೋದರು. ಹಾಗೆ ಹೋದವರನ್ನು ಪೋರ್ಚುಗಲಿನ ಸಮೀಕ್ಷೆ ಎಣಿಸುವುದಿಲ್ಲ. ಹೀಗಾಗಿ ಇಳಿದ ದರದ ಹಿಂದೆ ಹೊಸ ಕೆಲಸವಷ್ಟೇ ಅಲ್ಲ, ಬಾಗಿಲು ಹಾಕಿದ ಮನೆಗಳೂ ಇರುತ್ತವೆ.

ರಾಷ್ಟ್ರೀಯ ಸರಾಸರಿಯೂ ಅರ್ಧ ಸತ್ಯವೇ. 2023ರಲ್ಲಿ ಆಂದಲೂಸಿಯಾದ ನಿರುದ್ಯೋಗ ಶೇ. 18ರ ಆಸುಪಾಸು, ಅದೇ ಸ್ಪೇನಿನ ಬಾಸ್ಕ್ ನಾಡಿನಲ್ಲಿ ಅದರ ಅರ್ಧವೂ ಇರಲಿಲ್ಲ. ತುಯಿ ಸೇರಿದ ಗಲಿಷಿಯಾದಲ್ಲಿ ಶೇ. 10ರ ಸುತ್ತ. ಆದುದರಿಂದ ಸೇತುವೆಯ ಎರಡು ತುದಿಗಳ ಅಂತರ, ಮ್ಯಾಡ್ರಿಡ್ ಮತ್ತು ಲಿಸ್ಬನ್ ಪ್ರಕಟಿಸುವ ಅಂತರಕ್ಕಿಂತ ಕಿರಿದು.

ಗಡಿಯಾಚೆ ದುಡಿಯುವವನ ಲೆಕ್ಕ ಇನ್ನೂ ವಿಚಿತ್ರ. ಒಕ್ಕೂಟದ ಒಪ್ಪಂದದ 45ನೆಯ ವಿಧಿ ನೌಕರಿ ಮತ್ತು ವೇತನಗಳಲ್ಲಿ ರಾಷ್ಟ್ರೀಯತೆಯ ಆಧಾರದ ಭೇದವನ್ನು ನಿಷೇಧಿಸುತ್ತದೆ. ವಲೆನ್ಸಾದಲ್ಲಿ ಮನೆ ಮಾಡಿಕೊಂಡು ತುಯಿಯ ಕಾರ್ಖಾನೆಗೆ ಹೋಗಿಬರುವವನು ವಿಮಾ ವಂತಿಗೆ ಕಟ್ಟುವುದು ಸ್ಪೇನಿಗೆ. ಸಮೀಕ್ಷೆಯಲ್ಲಿ ಆತ ಪೋರ್ಚುಗಲಿನ ಉದ್ಯೋಗಿ. ಕೆಲಸ ಪೂರ್ತಿ ಹೋದರೆ, 2004ರ 883ನೆಯ ನಿಯಮಾವಳಿಯ ಪ್ರಕಾರ, ಭತ್ಯೆ ಕೊಡುವುದು ಆತ ವಾಸಿಸುವ ಪೋರ್ಚುಗಲ್. ಅಂದರೆ ಒಂದು ದೇಶದ ದುಡಿಮೆ ನೆರೆಯ ದೇಶದ ದರವನ್ನು ಇಳಿಸುತ್ತದೆ. ಅಲ್ಲಿನ ಕುಸಿತ ಇಲ್ಲಿನ ಖಜಾನೆಗೆ ಭಾರವಾಗುತ್ತದೆ.

ಕಾನೂನು ಕೆಡಿಸಿದ್ದನ್ನು ಕಾನೂನೇ ಸರಿಪಡಿಸಬಹುದೇ? 2021ರ ಕೊನೆಯಲ್ಲಿ ಸ್ಪೇನ್ ತಾತ್ಕಾಲಿಕ ಕರಾರುಗಳನ್ನು ಕಟ್ಟುನಿಟ್ಟಾಗಿ ಮಿತಗೊಳಿಸಿತು. 2022ರ ಫೆಬ್ರವರಿ 3ರಂದು ಸಂಸತ್ತು ಅದನ್ನು 175–174ರ ಒಂದೇ ಮತದಿಂದ ಅಂಗೀಕರಿಸಿತು; ಆ ಒಂದು ಮತವೂ ವಿರೋಧಪಕ್ಷದ ಸದಸ್ಯನೊಬ್ಬ ತಪ್ಪಾಗಿ ಚಲಾಯಿಸಿದ್ದು. ತಾತ್ಕಾಲಿಕ ನೌಕರರ ಪಾಲು ಕಾಲುಭಾಗದಿಂದ ಶೇ. 17ರಷ್ಟಕ್ಕೆ ಇಳಿಯಿತು. ಋತುಮಾನದ ಕೆಲಸಗಾರರು ಈಗ ‘ಬಿಟ್ಟು ಬಿಟ್ಟು ದುಡಿಯುವ ಕಾಯಂ ನೌಕರರು’ ಎನಿಸಿದ್ದಾರೆ. ಕೆಲಸವಿಲ್ಲದ ತಿಂಗಳುಗಳಲ್ಲಿ ಉದ್ಯೋಗ ಕಚೇರಿಯ ನಿರುದ್ಯೋಗಿಗಳ ಪಟ್ಟಿ ಇವರನ್ನು ಎಣಿಸುವುದಿಲ್ಲ. ಮನೆ ಮನೆಯ ಸಮೀಕ್ಷೆಯಲ್ಲಿ ಕೆಲಸ ಹುಡುಕುತ್ತಿದ್ದೇನೆಂದವನು ಮಾತ್ರ ನಿರುದ್ಯೋಗಿಯೇ. ಯಾವ ಸಂಖ್ಯೆಯನ್ನು ಎತ್ತಿ ಹಿಡಿಯಬೇಕೆಂಬುದು ಅಲ್ಲಿನ ರಾಜಕೀಯದ ಜಗಳವಾಗಿದೆ.

ಗಡಿನಾಡಿನ ಕನ್ನಡಿಗರಿಗೆ ಈ ಕಥೆ ದೂರದ್ದಲ್ಲ. ಭಾರತದ ಆವರ್ತಕ ಶ್ರಮಶಕ್ತಿ ಸಮೀಕ್ಷೆಯ ವಾರ್ಷಿಕ ವರದಿಗಳಲ್ಲಿ ಕೇರಳದ ನಿರುದ್ಯೋಗ ದರ ಕರ್ನಾಟಕದ್ದಕ್ಕಿಂತ ಹೆಚ್ಚು. 2022–23ರಲ್ಲಿ ಕೇರಳದ್ದು ಶೇ. 7, ಕರ್ನಾಟಕದ್ದು ಶೇ. 2.4. ಇವು ಇಡೀ ವರ್ಷದ ಸ್ಥಿತಿಯನ್ನು ಆಧರಿಸಿದ ದರಗಳು, ಯೂರೋಪಿನ ಅಂಕಿಗಳ ಪಕ್ಕದಲ್ಲಿ ಇಡತಕ್ಕವಲ್ಲ. ತಲಪಾಡಿ ದಾಟಿ ಮಂಗಳೂರಿಗೆ ಹೋಗಿಬರುವ ಕಾಸರಗೋಡಿನ ತರುಣನನ್ನು ಇಲ್ಲಿಯೂ ಮನೆಯಿರುವ ರಾಜ್ಯದಲ್ಲಿಯೇ ಎಣಿಸುತ್ತಾರೆ.

2024ರ ಜುಲೈಯಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿ, ಕೆಲವೇ ದಿನಗಳಲ್ಲಿ ತಡೆಹಿಡಿದ ಖಾಸಗಿ ಉದ್ಯೋಗ ಮೀಸಲಾತಿ ವಿಧೇಯಕ ‘ಸ್ಥಳೀಯ’ನನ್ನು ಹೀಗೆ ವ್ಯಾಖ್ಯಾನಿಸಿತ್ತು: ರಾಜ್ಯದಲ್ಲಿ ಹುಟ್ಟಿರಬೇಕು, ಹದಿನೈದು ವರ್ಷ ನೆಲೆಸಿರಬೇಕು, ಕನ್ನಡವನ್ನು ಓದಿ ಬರೆದು ಮಾತನಾಡಲು ಬರಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಮಂಜೇಶ್ವರದ, ತಾಳವಾಡಿಯ ಅಥವಾ ಜತ್ತದ ಮಕ್ಕಳು ಮೂರನೆಯ ಷರತ್ತನ್ನು ಪೂರೈಸಿಯೂ ಮೊದಲೆರಡರಲ್ಲಿ ಹೊರಗುಳಿಯುತ್ತಿದ್ದರು. ಹರಿಯಾಣದ ಇಂಥ ಕಾಯಿದೆಯನ್ನು ಅಲ್ಲಿನ ಹೈಕೋರ್ಟು 2023ರ ನವೆಂಬರಿನಲ್ಲಿ ರದ್ದುಗೊಳಿಸಿತ್ತು. ಇಂಥ ವಿಧೇಯಕ ಮತ್ತೆ ಬಂದರೆ, ಗಡಿನಾಡಿನವರು ಮೊದಲು ಓದಬೇಕಾದದ್ದು ಮೀಸಲಾತಿಯ ಶೇಕಡಾವಾರನ್ನಲ್ಲ, ವ್ಯಾಖ್ಯೆಯ ಕಲಮನ್ನು.