ಕಿರೀಟ ಕಿರಿದಾಗಿ ನಾಡು ಹಿರಿದಾದ ಬಗೆ

ಕೊಂಗುನಾಡಿನ ನಮ್ಮ ಕುನ್ನತ್ತೂರಿನಿಂದ ಬಡಗಣ ದಿಕ್ಕಿಗೆ ಹೊರಟವನು ಗೋಬಿಚೆಟ್ಟಿಪಾಳಯವನ್ನೂ ಭವಾನಿ ನದಿಯ ದಂಡೆಯ ಸತ್ಯಮಂಗಲವನ್ನೂ ದಾಟಿ, ಬನ್ನಾರಿಯಮ್ಮನ ಗುಡಿಯ ಮುಂದೆ ಕ್ಷಣಕಾಲ ಕೈಮುಗಿದು ನಿಂತು, ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿದನೆಂದರೆ, ಕೊಂಗುನಾಡಿನ ಬಿಸಿಲು ಹಿಂದುಳಿದು ಕಾಡಿನ ತಂಗಾಳಿ ಮುಖಕ್ಕೆ ತಾಗುವಷ್ಟರಲ್ಲಿಯೇ ಕಿವಿಗೆ ಬೀಳುವ ಮಾತೂ ಬದಲಾಗತೊಡಗುತ್ತದೆ. ತಾಳವಾಡಿಯ ಕಡೆಗೆ ಹೋಗುವ ಬಸ್ಸಿನ ಫಲಕ ತಮಿಳಿನದು. ಒಳಗೆ ಕುಳಿತ ಹೆಂಗಸರ ಹರಟೆ ಕನ್ನಡದ್ದು. ಕನ್ನಡ ಮನೆಮಾತಾಗಿರುವ ನಮ್ಮಂಥವರಿಗೆ, ಕೊಂಗುನಾಡಿನಲ್ಲಿ ಮಗ್ಗವನ್ನೋ ನೇಗಿಲನ್ನೋ ನಂಬಿ ತಲೆಮಾರುಗಳಿಂದ ನೆಲಸಿರುವ ದೇವಾಂಗ, ಒಕ್ಕಲಿಗ ಮನೆತನಗಳಿಗೆ, ಈ ದಾರಿ ಕೇವಲ ದಾರಿಯಾಗಿ ಉಳಿದಿಲ್ಲ. ಮನೆಯೊಳಗೆ ಮಾತ್ರ ಆಡುವ ನುಡಿಯನ್ನು ಬೀದಿಯಲ್ಲಿಯೂ ಕೇಳಬಹುದಾದ ನಾಡಿನ ಹೊಸ್ತಿಲು ಅದು.

ಆ ಹೊಸ್ತಿಲು ಇಂದಿರುವೆಡೆಯಲ್ಲಿ ಯಾವಾಗಲೂ ಇರಲಿಲ್ಲವೆಂಬುದನ್ನು ನಮ್ಮ ಕಡೆಯ ಹಿರಿಯರು ಮರೆಯದೆ ಹೇಳುತ್ತಿದ್ದರು. 1956ನೆಯ ಇಸವಿಯ ಅಕ್ಟೋಬರ್ 31ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಲೆ ಮಹದೇಶ್ವರನ ಬೆಟ್ಟವೂ, ಶಿವನಸಮುದ್ರದ ಬಳಿ ಕಾವೇರಿಯ ತೆಂಕಣ ದಂಡೆಯೂ, ರೇಷ್ಮೆಯ ಮಗ್ಗಗಳಿಗೆ ಹೆಸರಾದ ಕೊಳ್ಳೇಗಾಲದ ಪೇಟೆಯೂ ಮದರಾಸು ಸರ್ಕಾರದ ಆಡಳಿತಕ್ಕೆ ಒಳಪಟ್ಟಿದ್ದುವು. 1799ರಲ್ಲಿ ಟಿಪ್ಪುವಿನ ಪತನಾನಂತರ ಮೈಸೂರು ರಾಜ್ಯವನ್ನು ಹಂಚಿದಾಗ ಕೊಯಮತ್ತೂರಿನ ಸೀಮೆಯೊಂದಿಗೆ ಕಂಪನಿ ಸರ್ಕಾರದ ಪಾಲಾಗಿದ್ದ ಆ ತಾಲ್ಲೂಕು 157 ವರ್ಷಗಳ ಮೇಲೆ, ನವೆಂಬರ್ 1ರ ಬೆಳಗಿನಲ್ಲಿ, ಮೈಸೂರಿಗೆ ಹಿಂದಿರುಗಿತು. ತಾಳವಾಡಿಯ ಗ್ರಾಮಗಳು ಹಿಂದಿರುಗಲಿಲ್ಲ. ಕನ್ನಡಿಗರು ಮನೆಮಗನಂತೆ ಪ್ರೀತಿಸಿದ ನಟ ರಾಜಕುಮಾರರು 1929ರಲ್ಲಿ ಹುಟ್ಟಿದ ಗಾಜನೂರು, ಅಂದಿನ ಕೊಯಮತ್ತೂರು ಜಿಲ್ಲೆಯದು, ಇಂದಿಗೂ ತಮಿಳುನಾಡಿನಲ್ಲಿದೆ.

ಗಡಿಗಳು ಹೀಗೆ ಸರಿದ ಆ ಬೆಳಗಿನಲ್ಲಿ ವಿಸ್ತೃತ ಮೈಸೂರು ರಾಜ್ಯದ ಪ್ರಥಮ ರಾಜ್ಯಪಾಲರಾಗಿ ಅಧಿಕಾರ ವಹಿಸಿದವರು ಒಂಬತ್ತು ವರ್ಷಗಳ ಹಿಂದೆ ಅದೇ ಮೈಸೂರಿನ ಸಿಂಹಾಸನಾಧೀಶ್ವರರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ಜನರ ಐಕ್ಯಕ್ಕೆ ಅರಸನಾದವನು ಏನನ್ನು ಕೊಡಬಲ್ಲನೆಂಬ ಪ್ರಶ್ನೆಯನ್ನು ಅದೇ ಕಾಲದಲ್ಲಿ ಆಫ್ರಿಕ ಖಂಡದಲ್ಲಿ ಇನ್ನೊಬ್ಬ ದೊರೆ ತಮ್ಮದೇ ರೀತಿಯಲ್ಲಿ ಎದುರಿಸುತ್ತಿದ್ದರು. ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿಯವರ ಹೆಸರು ಜಗತ್ತಿಗೆಲ್ಲ ತಿಳಿದಿದೆ. ಒಡೆಯರದು ಅಷ್ಟು ದೂರ ಕೇಳಿಸಿಲ್ಲ. ಇಬ್ಬರನ್ನೂ ಪಕ್ಕಪಕ್ಕದಲ್ಲಿರಿಸಿ ನೋಡಿದರೆ ನಮ್ಮವರ ತ್ಯಾಗದ ಪರಿಮಾಣ ಹೆಚ್ಚು ಸ್ಪಷ್ಟವಾಗುತ್ತದೆಂದು ನನ್ನ ನಂಬಿಕೆ.

1930ರ ನವೆಂಬರ್ 2ರಂದು ಅಡಿಸ್ ಅಬಾಬದಲ್ಲಿ ಪಟ್ಟವನ್ನೇರಿದ ಹೈಲೆ ಸೆಲಾಸಿಯವರು ಮರುವರ್ಷವೇ ತಮ್ಮ ದೇಶಕ್ಕೆ ಪ್ರಥಮ ಲಿಖಿತ ಸಂವಿಧಾನವನ್ನು ದಯಪಾಲಿಸಿದರು. 1935ರಲ್ಲಿ ಮುಸ್ಸೋಲಿನಿಯ ಸೇನೆ ನುಗ್ಗಿದ ಮೇಲೆ ದೇಶಭ್ರಷ್ಟರಾಗಿ, 1936ರ ಜೂನ್ 30ರಂದು ಜಿನೀವದ ರಾಷ್ಟ್ರಸಂಘದ ಸಭೆಯಲ್ಲಿ ನಿಂತು ಬಲಿಷ್ಠರ ಆಕ್ರಮಣಕ್ಕೆ ತುತ್ತಾದ ಚಿಕ್ಕ ದೇಶಗಳ ಪರವಾಗಿ ಅವರು ಮಾಡಿದ ಭಾಷಣ ಅಂದು ಫಲಿಸದೆ ಹೋದರೂ ಇತಿಹಾಸದಲ್ಲಿ ಉಳಿದುಕೊಂಡಿತು. 1941ರ ಮೇ 5ರಂದು ರಾಜಧಾನಿಗೆ ಹಿಂದಿರುಗಿದವರು ಮುಂದಿನ ವರ್ಷ ಗುಲಾಮಗಿರಿಯನ್ನು ನಿಷೇಧಿಸಿದರು, ಶಾಲೆಗಳನ್ನು ತೆರೆದರು, ಆ ಶಾಲೆಗಳಲ್ಲಿ ಕಲಿಸಲು ದಕ್ಷಿಣ ಭಾರತದಿಂದ ಅನೇಕ ಉಪಾಧ್ಯಾಯರು ಸಮುದ್ರವನ್ನು ದಾಟಿ ಹೋದರು. ವಸಾಹತುಗಳ ಸಂಕೋಲೆ ಕಳಚಿಕೊಂಡ ಆಫ್ರಿಕದ ನೂತನ ರಾಷ್ಟ್ರಗಳು ಕಾಸಾಬ್ಲಾಂಕ ಗುಂಪು, ಮನ್ರೋವಿಯ ಗುಂಪು ಎಂದು ಎರಡಾಗಿ ಒಡೆದು, ಘಾನಾದ ಎನ್‌ಕ್ರೂಮಾ ಅವರಂಥವರು ಒಡನೆಯೇ ಏಕಸರ್ಕಾರ ಬೇಕೆಂದೂ ಉಳಿದವರು ಮೆಲ್ಲಮೆಲ್ಲನೆ ಸಾಗೋಣವೆಂದೂ ವಾದಿಸುತ್ತಿದ್ದ ಹೊತ್ತಿನಲ್ಲಿ, ಎರಡು ಪಕ್ಷಗಳಿಗೂ ಹಿರಿಯರೆನಿಸಿದ್ದ ಚಕ್ರವರ್ತಿಗಳು ಎಲ್ಲರನ್ನೂ ತಮ್ಮ ರಾಜಧಾನಿಗೆ ಕರೆಸಿ ಕೂರಿಸಿದರು. 1963ರ ಮೇ 25ರಂದು ಅಡಿಸ್ ಅಬಾಬದಲ್ಲಿ ಆಫ್ರಿಕದ ಐಕ್ಯತಾ ಸಂಘಟನೆ ಜನ್ಮ ತಾಳಿತು. ಅದರ ಉತ್ತರಾಧಿಕಾರಿಯಾದ ಆಫ್ರಿಕನ್ ಒಕ್ಕೂಟದ ಕೇಂದ್ರ ಇಂದಿಗೂ ಅದೇ ನಗರದಲ್ಲಿದೆ.

ಇದು ಸಾಮಾನ್ಯವಾದ ಸಾಧನೆಯಲ್ಲ. ಆದರೆ ಖಂಡಕ್ಕೆ ಐಕ್ಯವನ್ನು ಬೋಧಿಸಿದ ಅದೇ ದೊರೆ, ಸ್ವಾಯತ್ತತೆಯ ಭರವಸೆಯೊಡನೆ 1952ರಲ್ಲಿ ಇಥಿಯೋಪಿಯದೊಡನೆ ಕೂಡಿದ್ದ ಎರಿಟ್ರಿಯದ ಸ್ವಾಯತ್ತತೆಯನ್ನು 1962ರಲ್ಲಿ, ಎಂದರೆ ಐಕ್ಯತಾ ಸಂಘಟನೆಯ ಹುಟ್ಟಿಗೆ ಒಂದು ವರ್ಷವೂ ಉಳಿಯದಿದ್ದಾಗ, ಅಳಿಸಿಹಾಕಿದರು. ಓರೋಮೊ, ತಿಗ್ರಿನ್ಯ ಮುಂತಾದ ನುಡಿಗಳನ್ನಾಡುವ ಲಕ್ಷಾಂತರ ಪ್ರಜೆಗಳ ಶಾಲೆಗೂ ನ್ಯಾಯಾಲಯಕ್ಕೂ ದೇಶೀಯ ನುಡಿಗಳಲ್ಲಿ ಅಂಹರಿಕ್ ಒಂದನ್ನೇ ವಿಧಿಸಿದರು. ಪರರಾಷ್ಟ್ರಗಳ ನಡುವೆ ಸಾಮರಸ್ಯವನ್ನು ತರಬಲ್ಲವರಾಗಿದ್ದೂ ತಮ್ಮ ಮನೆಯೊಳಗಿನ ನುಡಿಗಳ ಅಳಲು ಅವರ ಕಿವಿಗೆ ಬೀಳಲಿಲ್ಲ. 1955ರ ಪರಿಷ್ಕೃತ ಸಂವಿಧಾನ ಪ್ರಜೆಗಳಿಗೆ ಮತದಾನವನ್ನು ಕೊಟ್ಟರೂ ಅಧಿಕಾರದ ಬೀಗದಕೈ ಅರಮನೆಯಲ್ಲಿಯೇ ಉಳಿಯಿತು. ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಇನ್ನೊಂದು ನುಡಿಯಾಡುತ್ತ ಬೆಳೆದ ನನಗೆ ಈ ವೃತ್ತಾಂತವನ್ನು ಓದುವಾಗ ಒಂದು ಬಗೆಯ ಸಂಕಟವಾಗದೆ ಇರುವುದಿಲ್ಲ.

ಇನ್ನು ಮೈಸೂರಿನ ವಿಷಯ. ಪ್ರಜಾಪ್ರತಿನಿಧಿ ಸಭೆಯನ್ನು 1881ರಲ್ಲಿಯೇ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಕಂಡ ಸಂಸ್ಥಾನವದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಕನ್ನಂಬಾಡಿಯ ಕಟ್ಟೆ ಎದ್ದಿತು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ, 1916ರಲ್ಲಿ ವಿಶ್ವವಿದ್ಯಾನಿಲಯವೂ ಸ್ಥಾಪಿತವಾದುವು. ಇಲ್ಲಿ ನಮ್ಮ ಜಿಲ್ಲೆಯವನೊಬ್ಬನು ನಿಂತು ನೋಡಬೇಕಾದ ಸಂಗತಿಯೊಂದುಂಟು: ಅಂದು ಶಿವನಸಮುದ್ರದಲ್ಲಿ ಕಾವೇರಿಯ ಒಂದು ದಂಡೆ ಮೈಸೂರಿನದಾಗಿತ್ತು, ಇನ್ನೊಂದು ಕೊಯಮತ್ತೂರಿನದಾಗಿತ್ತು. ಒಂದೇ ನೀರು, ಎರಡೂ ದಂಡೆಗಳಲ್ಲಿ ಒಂದೇ ಕನ್ನಡ. ಆದರೆ ವಿದ್ಯುದಾಗಾರ ಎದ್ದದ್ದು ಮೈಸೂರಿನ ದಂಡೆಯಲ್ಲಿ. ನುಡಿಯೊಂದಾದರೂ ಆಳುವ ಕೈ ಬೇರೆಯಾದರೆ ಬಾಳು ಹೇಗೆ ಬೇರೆಯಾಗುತ್ತದೆಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಟ್ಟುವ ನಿದರ್ಶನ ನನಗೆ ಹೊಳೆಯದು. ಏಕೀಕರಣವೆಂಬ ಮಾತು ಗಡಿನಾಡಿನವರಿಗೆ ಭಾವುಕತೆಯ ಮಾತಾಗಿರಲಿಲ್ಲ; ಶಾಲೆ, ಕಚೇರಿ, ದೀಪ, ನೀರುಗಳ ಮಾತಾಗಿತ್ತು.

ಜಯಚಾಮರಾಜೇಂದ್ರರು ಜನಿಸಿದುದು 1919ರ ಜುಲೈ 18ರಂದು. 1940ರ ಮಾರ್ಚಿಯಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರನ್ನೂ, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರನ್ನೂ ಕಳೆದುಕೊಂಡು, ಅದೇ ಸೆಪ್ಟೆಂಬರ್ 8ರಂದು 21ನೆಯ ವಯಸ್ಸಿನಲ್ಲಿ ಸಿಂಹಾಸನವನ್ನೇರಿದರು. ವಿದ್ವಾಂಸರು, ಸಂಗೀತಜ್ಞರು, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು, ಲಂಡನ್ನಿನಲ್ಲಿ ಕಷ್ಟಕ್ಕೀಡಾಗಿದ್ದ ರಷ್ಯದ ಸಂಗೀತಕಾರ ಮೆಡ್ಟ್ನರ್ ಅವರ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟ ರಸಿಕರು, ಋಗ್ವೇದವನ್ನೂ ಪುರಾಣಗಳನ್ನೂ ಕನ್ನಡದಲ್ಲಿ ಹೊರತಂದ ಗ್ರಂಥರತ್ನಮಾಲೆಯ ಪೋಷಕರು. ಅವರ ಸಂಗೀತದ ಕುರಿತು ಬೇರೆಯೇ ಲೇಖನ ಬೇಕು.

1947ರ ಆಗಸ್ಟ್ 9ರಂದು ಅವರು ಭಾರತದೊಡನೆ ಸೇರ್ಪಡೆಯ ಪತ್ರಕ್ಕೆ ಸಹಿ ಹಾಕಿದರು. ಹೈದರಾಬಾದಿನ ನಿಜಾಮರು ಸ್ವತಂತ್ರವಾಗಿರಬಯಸಿ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯವರೆಗೆ ಬೀದರ, ಗುಲ್ಬರ್ಗ, ರಾಯಚೂರುಗಳ ಕನ್ನಡಿಗರು ರಜಾಕಾರರ ಹಾವಳಿಯಲ್ಲಿ ಬೆಂದುದನ್ನು ನೆನೆದರೆ, ಕನ್ನಡ ಪ್ರಜೆಗಳನ್ನು ಆಳುತ್ತಿದ್ದ ಈ ಇಬ್ಬರು ಅರಸರ ನಡತೆಯಲ್ಲಿನ ಅಂತರ ತಾನಾಗಿ ಅರಿವಾಗುತ್ತದೆ. ಹಾಗೆಂದು ಮೈಸೂರಿನ ಕಥೆಯಲ್ಲಿ ಕಲೆಯೇ ಇಲ್ಲವೆಂದರೆ ಸತ್ಯಕ್ಕೆ ಅಪಚಾರವಾದೀತು. 1938ರ ಏಪ್ರಿಲಿನಲ್ಲಿ, ನಾಲ್ವಡಿಯವರ ಆಳ್ವಿಕೆಯಲ್ಲಿಯೇ, ವಿದುರಾಶ್ವತ್ಥದಲ್ಲಿ ಧ್ವಜವನ್ನು ಹಿಡಿದವರ ಮೇಲೆ ಗುಂಡು ಹಾರಿತ್ತು. ಸ್ವಾತಂತ್ರ್ಯ ಬಂದ ಬಳಿಕವೂ ಪ್ರಜೆಗಳ ಕೈಗೆ ಅಧಿಕಾರ ಬರಲಿಲ್ಲವೆಂದು 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಭುಗಿಲೆದ್ದಿತು. ವಿದ್ಯಾರ್ಥಿಗಳು ಪ್ರಾಣ ತೆತ್ತರು. ಅನಂತರವೇ ಜವಾಬ್ದಾರಿ ಸರ್ಕಾರದ ಒಪ್ಪಂದವಾಗಿ, ಅಕ್ಟೋಬರ್ 25ರಂದು ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಆ ಎರಡು ತಿಂಗಳ ವಿಳಂಬಕ್ಕೆ ದಿವಾನರ ಸಲಹೆ ಎಷ್ಟು ಕಾರಣವೋ, ಅರಸರ ಹಿಂಜರಿಕೆ ಎಷ್ಟು ಕಾರಣವೋ, ಹೇಗಿದ್ದರೂ ಅದನ್ನು ಒಡೆಯರ ಲೆಕ್ಕದಲ್ಲಿಯೇ ಬರೆಯಬೇಕಾಗುತ್ತದೆ. ಆದರೆ ಒಮ್ಮೆ ಕೊಟ್ಟುದನ್ನು ಅವರು ಮತ್ತೆಂದೂ ಹಿಂದಕ್ಕೆ ಸೆಳೆಯಲೆಳಸಲಿಲ್ಲ. 1949ರ ನವೆಂಬರ್ 25ರಂದು ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೂ ಆಗತಕ್ಕದ್ದೆಂದು ಘೋಷಣೆ ಹೊರಡಿಸಿ, 1950ರ ಜನವರಿ 26ರಿಂದ ರಾಜಪ್ರಮುಖರೆಂಬ ಸಾಂವಿಧಾನಿಕ ಪದವಿಯಲ್ಲಿ ನಿಂತರು.

ಅಷ್ಟು ಹೊತ್ತಿಗೆ ಕನ್ನಡಿಗರು ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಎಂದು ಹರಿದು ಹಂಚಿಹೋಗಿದ್ದ ತಮ್ಮ ನಾಡು ಒಂದಾಗಬೇಕೆಂದು ಕೂಗೆಬ್ಬಿಸಿ ದಶಕಗಳೇ ಕಳೆದಿದ್ದುವು. ಆಲೂರು ವೆಂಕಟರಾಯರ ಲೇಖನಿಯಿಂದ ಮೊದಲಾಗಿ, 1953ರಲ್ಲಿ ಅದರಗುಂಚಿಯ ಶಂಕರಗೌಡರ ಉಪವಾಸದವರೆಗೆ, ಈ ಹೋರಾಟದ ಭಾರವನ್ನು ಹೊತ್ತವರು ಮುಖ್ಯವಾಗಿ ಮೈಸೂರಿನ ಹೊರಗಿದ್ದ ಕನ್ನಡಿಗರು. ಮೈಸೂರಿನೊಳಗೆ ಶಂಕೆಯಿತ್ತು. ವಿದ್ಯುತ್ತು, ಕಾಲುವೆ, ಕಾರ್ಖಾನೆಗಳಿಂದ ನಳನಳಿಸುತ್ತಿದ್ದ ರಾಜ್ಯ ತಾನು ಕಟ್ಟಿದುದನ್ನು ಹಿಂದುಳಿದ ಪ್ರದೇಶಗಳೊಡನೆ ಹಂಚಿಕೊಳ್ಳಬೇಕಾಗುವುದೆಂದೂ, ಅಧಿಕಾರದ ತಕ್ಕಡಿ ಬೇರೆ ಜನವರ್ಗದತ್ತ ವಾಲೀತೆಂದೂ ಬಹಿರಂಗವಾಗಿಯೇ ವಾದಿಸಿದ ಮುಖಂಡರಿದ್ದರು. ಕನ್ನಡಕ್ಕೆ ಎರಡು ರಾಜ್ಯಗಳಿರಲೆಂಬ ಸಲಹೆಯೂ ಹುಟ್ಟಿತ್ತು. ಆಗ ಮುಖ್ಯಮಂತ್ರಿಗಳಾಗಿದ್ದ ಕೆಂಗಲ್ ಹನುಮಂತಯ್ಯನವರು ತಮ್ಮ ಪ್ರದೇಶದ ಪ್ರಬಲ ವಿರೋಧವನ್ನೆದುರಿಸಿ ಏಕೀಕರಣದ ಪರವಾಗಿ ನಿಂತದ್ದು ಅವರ ರಾಜಕೀಯ ಜೀವಿತದ ಉನ್ನತ ಘಳಿಗೆ.

ಇಂಥ ಸಂದರ್ಭದಲ್ಲಿ ಅರಮನೆ ಮನಸ್ಸು ಮಾಡಿದ್ದರೆ ಆ ಶಂಕೆಗೆ ಗಾಳಿಯೂದುವುದು ಎಷ್ಟು ಸುಲಭವಾಗಿತ್ತು! ಹಳೆಯ ಮೈಸೂರಿನ ಹಳ್ಳಿಹಳ್ಳಿಯಲ್ಲಿಯೂ ‘ಮಹಾಸ್ವಾಮಿ’ ಎಂದು ಕೈಮುಗಿಯುವ ಜನರಿದ್ದರು; ದಸರೆಯ ದಿನ ಆನೆಯ ಮೇಲೆ ಕುಳಿತ ದೊರೆಯನ್ನು ಕಂಡು ಕಣ್ತುಂಬಿಕೊಳ್ಳುವವರಿದ್ದರು. ರಾಜ್ಯದ ಅಸ್ಮಿತೆ, ವಂಶದ ಗೌರವ, ಮೈಸೂರಿನ ಹೆಸರು ಎಂಬ ನೆಪಗಳಿಗೇನೂ ಕೊರತೆಯಿರಲಿಲ್ಲ. ಒಡೆಯರು ಅಂಥದೊಂದು ಮಾತನ್ನೂ ಮುಂದೊಡ್ಡಲಿಲ್ಲ. 1956ರ ನವೆಂಬರ್ 1ರಂದು ರಾಜಪ್ರಮುಖರ ಪದವಿಯೇ ರದ್ದಾಗಿ ತಮ್ಮ ಪೂರ್ವಿಕರ ಮೈಸೂರು 19 ಜಿಲ್ಲೆಗಳ ರಾಜ್ಯವೊಂದರ ಭಾಗಮಾತ್ರವಾದಾಗ, ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರ ಸಲಹೆಯಂತೆ ಸಹಿ ಹಾಕಬೇಕಾದ, ರಾಷ್ಟ್ರಪತಿಗಳಿಂದ ನೇಮಕಗೊಂಡ ರಾಜ್ಯಪಾಲರ ಕುರ್ಚಿಯಲ್ಲಿ ಅವರು ಕುಳಿತರು. ಹುಬ್ಬಳ್ಳಿಯವನಿಗೂ ಬೀದರಿನವನಿಗೂ ಮಂಗಳೂರಿನವನಿಗೂ ಕೊಳ್ಳೇಗಾಲದವನಿಗೂ ಆ ಅರಸುತನದ ಋಣವೇನೂ ಇರಲಿಲ್ಲ. ಅವರೆಲ್ಲರಿಗೂ ಒಪ್ಪುವಂತೆ ಏಳೂವರೆ ವರ್ಷ ಆ ಸ್ಥಾನದಲ್ಲಿ ನಡೆದುಕೊಳ್ಳುವುದು ಕಿರೀಟವನ್ನು ಧರಿಸುವುದಕ್ಕಿಂತ ಕಷ್ಟತರವಾದ ಕೆಲಸವೆಂದೇ ನನಗೆ ತೋರುತ್ತದೆ. ಅರಮನೆತನದ ಭವನಗಳೂ ಸಾರ್ವಜನಿಕ ಸಂಸ್ಥೆಗಳ ಕೈಸೇರಿದುವು: ಚೆಲುವಾಂಬ ವಿಲಾಸದ ಭವನದಲ್ಲಿ ಆಹಾರ ಸಂಶೋಧನಾಲಯ ನೆಲೆಗೊಂಡಿತು. ಜಯಲಕ್ಷ್ಮಿ ವಿಲಾಸ ವಿಶ್ವವಿದ್ಯಾನಿಲಯದ ಕೈಸೇರಿ ಮಾನಸಗಂಗೋತ್ರಿಯಾಯಿತು. ರಾಜಧನ ವರ್ಷಕ್ಕೆ 26 ಲಕ್ಷ ರೂಪಾಯಿಗಳಿಗೆ ನಿಂತು, 1971ರಲ್ಲಿ ಅದೂ ಇಲ್ಲವಾಯಿತು.

ಏಕೀಕರಣವನ್ನು ಒಡೆಯರು ಮಾಡಿದರೆಂದು ನಾನು ಹೇಳುತ್ತಿಲ್ಲ. ಅದು ಸೆರೆಮನೆಗೆ ಹೋದವರ, ಲಾಠಿಯ ಏಟು ತಿಂದವರ ಕಾರ್ಯ. ಆದರೆ ಅಡ್ಡ ನಿಲ್ಲಬಲ್ಲವನು ಅಡ್ಡ ನಿಲ್ಲದೆ ದಾರಿಬಿಟ್ಟು, ಅನಂತರ ಸೇವಕನಾಗಿ ಅದೇ ದಾರಿಯಲ್ಲಿ ನಡೆದನೆಂಬುದೂ ಒಂದು ಕಾರ್ಯವೇ. ಹೈಲೆ ಸೆಲಾಸಿಯವರು ಖಂಡವೊಂದನ್ನು ತಮ್ಮ ಸಿಂಹಾಸನದ ಸುತ್ತ ಕೂರಿಸಿ ಐಕ್ಯವನ್ನು ಕಟ್ಟಿದರು. ನಮ್ಮ ಒಡೆಯರು ಸಿಂಹಾಸನದಿಂದ ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತ ಐಕ್ಯಕ್ಕೆ ಎಡೆಮಾಡಿಕೊಟ್ಟರು.

1964ರ ಮೇ ತಿಂಗಳಿನಲ್ಲಿ ಅವರನ್ನು ಮದರಾಸಿನ ರಾಜ್ಯಪಾಲರನ್ನಾಗಿ ಕಳುಹಿಸಿದಾಗ, ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಒಡೆಯರು ದಂಡೆತ್ತಿ ಬಂದು ಗೆದ್ದಿದ್ದ ಸತ್ಯಮಂಗಲ, ಈರೋಡುಗಳ ಈ ಸೀಮೆಗೆ, ನಮ್ಮ ಕುನ್ನತ್ತೂರಿಗೂ ಸಹ, ಅದೇ ವಂಶದ ಕುಡಿಯೊಂದು ಖಡ್ಗವಿಲ್ಲದೆ, ಚುನಾಯಿತ ಸರ್ಕಾರದ ಪ್ರತಿನಿಧಿಯಾಗಿ ಬಂದಂತಾಯಿತು. ನಮ್ಮ ಕಡೆಯ ಕನ್ನಡದ ಮನೆಗಳಲ್ಲಿ ‘ಮೈಸೂರು ಮಹಾರಾಜರು ಈಗ ನಮಗೂ ರಾಜ್ಯಪಾಲರು’ ಎಂದು ಹಿರಿಯರು ಹೇಳಿಕೊಳ್ಳುತ್ತಿದ್ದುದರಲ್ಲಿ ಹೆಮ್ಮೆಯಷ್ಟೇ ಆರ್ತತೆಯೂ ಬೆರೆತಿತ್ತು. ಕೊಳ್ಳೇಗಾಲ ಅತ್ತ ಹೋಗಿತ್ತು, ನಾವು ಇತ್ತ ಉಳಿದಿದ್ದೆವು. ಎರಡು ಕಡೆಗೂ ಸಲ್ಲುವ ಮನುಷ್ಯನೊಬ್ಬನು ಎರಡು ವರ್ಷಗಳ ಮಟ್ಟಿಗೆ ನಮಗೆ ದೊರಕಿದ್ದನು.

1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಗಿ, ಒಡೆಯರ ಮನೆತನದೊಡನೆ ಶತಮಾನಗಳಿಂದ ಬೆಸೆದುಕೊಂಡಿದ್ದ ಮೈಸೂರೆಂಬ ಹೆಸರು ಜಿಲ್ಲೆಗೂ ನಗರಕ್ಕೂ ಸೀಮಿತವಾದುದನ್ನು ಅವರು ಕಣ್ಣಾರೆ ಕಂಡರು. ಮರುವರ್ಷದ ಸೆಪ್ಟೆಂಬರ್ 12ರಂದು ಅಡಿಸ್ ಅಬಾಬದಲ್ಲಿ, ವೊಲ್ಲೊ ಪ್ರಾಂತದ ಕ್ಷಾಮದಿಂದ ಕೆರಳಿದ ದೇಶದಲ್ಲಿ ದಂಗೆಯೆದ್ದ ಸೈನಿಕರು 82 ವರ್ಷದ ಚಕ್ರವರ್ತಿಗಳನ್ನು ಸಣ್ಣ ಕಾರೊಂದರಲ್ಲಿ ಕೂರಿಸಿ ಅರಮನೆಯಿಂದ ಒಯ್ದರು. ಅದಾಗಿ ಹನ್ನೊಂದು ದಿನಗಳಿಗೆ, ಸೆಪ್ಟೆಂಬರ್ 23ರಂದು, ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಒಡೆಯರು 55ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು. ಅವರನ್ನು ಯಾರೂ ಯಾವ ಅರಮನೆಯಿಂದಲೂ ಹೊರಡಿಸಬೇಕಾಗಿರಲಿಲ್ಲ.